ನೂರ ಹದಿನೇಳನೇ ಸಾಲು

ಓಬ್ ನದಿ ಹೆಪ್ಪುಗಟ್ಟಿ, ಲಾರಿಗಳು ಅದರ ಮೇಲೇ ಓಡುವ ತಿಂಗಳು.
ಸಂಸ್ಥೆಯ ನೆಲಮಾಳಿಗೆಯಲ್ಲಿ ನಾವು ನಾಲ್ವರು,
ಎರಡು ಕುರ್ಚಿ, ಒಂದು ಬೆಸುಗೆ ಕಡ್ಡಿ,
ಅದರ ಬಿಸಿಗೇ ಕಪ್ಪು ಬ್ರೆಡ್ಡು ಕಾಯಿಸುತ್ತಿದ್ದೆವು.

ಯೆಫಿಮ್ ಹೇಳುತ್ತಿದ್ದ:
ಭಾಷೆ ಮಹಡಿಯ ಮೇಲೆ ಕೂತಿದೆ, ಯಂತ್ರ ನೆಲದಡಿಯಲ್ಲಿ.
ನಡುವೆ ಮೆಟ್ಟಿಲು, ಮೆಟ್ಟಿಲಿಗೊಬ್ಬ ದುಭಾಷಿ,
ಪ್ರತಿಯೊಬ್ಬನೂ ಮಾತಿನಲ್ಲಿ ಒಂದಿಷ್ಟು ನುಂಗುತ್ತಾನೆ.
ಮೆಟ್ಟಿಲೇ ಬೇಡ. ಭಾಷೆಯ ಮೈಗೆ ಯಂತ್ರ ಹೊಲಿಯೋಣ.

ಹೇಳುವುದು ಸುಲಭ.
ಅದುವರೆಗೆ ಕಾರ್ಖಾನೆ ಕೊಟ್ಟ ಚಪ್ಪಲಿಗೆ
ಬೆರಳು ಮಡಿಸಿ ನಡೆದವರು ನಾವು.
ಈಗ ಕಾಲಿನ ಅಳತೆ ತೆಗೆದೆವು:
ಒಂದು ಆವರಣದೊಳಗೆ ಇನ್ನೊಂದು ತೆರೆದಾಗ
ನಮ್ಮ ಭಾಷೆ ಏನನ್ನು ಕೈಲಿ ಹಿಡಿದಿರುತ್ತದೆ,
ಮುಚ್ಚಿದಾಗ ಏನನ್ನು ಕೆಳಗಿಡುತ್ತದೆ.
ಉಂಡ ತಟ್ಟೆಗಳಂತೆ ಒಂದರ ಮೇಲೊಂದು;
ಮೇಲಿನದನ್ನೇ ಮೊದಲು ತೊಳೆಯಬೇಕು.
ಅಷ್ಟೇ ನಮ್ಮ ಪ್ರೊಸೆಸರ್. ಉಳಿದದ್ದು ತಂತಿ.

ತಂತಿಯೆಂದರೆ ನಾಲ್ಕು ಸಾವಿರ ಚಿಲ್ಲರೆ ಸುತ್ತು.
ಕೈಗವಸಿನ ಬೆರಳ ತುದಿ ಕತ್ತರಿಸಿಕೊಂಡು
ತಮಾರಾ ಗ್ಲೆಬೊವ್ನಾ ಒಬ್ಬಳೇ ಸುತ್ತಿದಳು.

ರುಸ್ತಾಮ್ ಯಂತ್ರದವನು, ನಾನು ಭಾಷೆಯವಳು.
ಎತ್ತು ಏರಿಗೆ, ಕೋಣ ನೀರಿಗೆ.
ಜಗಳ ಮೂರು ಬಿಟ್‌ಗಳದ್ದು:
ಪ್ರತಿ ಪದವೂ ತಾನು ಯಾರೆಂದು ಹೇಳಿಕೊಳ್ಳಲಿ ಅಂದೆ,
ನಾನು ಸಂಖ್ಯೆ, ನಾನು ಅಕ್ಷರ,
ನಾನು ಬರೀ ಇನ್ನೊಬ್ಬರ ವಿಳಾಸ.
"ಮೂರು ಬಿಟ್! ಯಾರಪ್ಪನ ಮನೆಯ ಗಂಟು?"
ಆ ವರ್ಷ ಮೆಮೊರಿಯನ್ನು ಸಕ್ಕರೆಯಂತೆ ಅಳೆದು ಕೊಡುತ್ತಿದ್ದರು.
ಒಂದು ವಾರ ಮಾತು ಬಿಟ್ಟೆವು.
ಎಂಟನೆಯ ದಿನ ಅವನು ತಂದ ನಕ್ಷೆಯಲ್ಲಿ
ಮೂರು ಬಿಟ್ ಇದ್ದವು,
ಪೆನ್ಸಿಲಿನಲ್ಲಿ, ಅಳಿಸಲು ಅನುಕೂಲವಾಗುವಂತೆ.

ಫೆಬ್ರವರಿಯ ಕೊನೆಯ ರಾತ್ರಿ.
ಆಪರೇಟಿಂಗ್ ಸಿಸ್ಟಮ್ಮೂ ಅದೇ ಭಾಷೆಯಲ್ಲಿ, ತಳದ ಕಲ್ಲಿನವರೆಗೆ;
ಯಾವ ಬಾಗಿಲಿನ ಹಿಂದೆಯೂ ಬೇರೆ ನುಡಿಯ ಕಾವಲುಗಾರನಿಲ್ಲ.
ಗುಂಡಿ ಒತ್ತಿದೆವು. ಒಂದು ದೀಪ. ಇನ್ನೊಂದು.
ನಿಂತುಹೋಯಿತು.
ತಮಾರಾ ಎದೆಯ ಮೇಲೆ ಶಿಲುಬೆ ಬರೆಯಹೊರಟು,
ತಾನು ಪಕ್ಷದ ಸದಸ್ಯೆಯೆಂದು ನೆನಪಾಗಿ
ಕೋಟಿನ ಗುಂಡಿ ಸರಿಮಾಡಿಕೊಂಡಳು.
ಪರದೆಯ ಮೇಲೆ ಹಸಿರು ಅಕ್ಷರ:
ಸಾಲು ನೂರ ಹದಿನೇಳು.
ಬೀದಿಯಲ್ಲಿರುವುದು ಅರವತ್ತನಾಲ್ಕು ಮನೆ.
ಅರವತ್ತೈದನೆಯದನ್ನು ತಟ್ಟಿದ್ದೀರಿ.

ಹಳೆಯ ಯಂತ್ರವಾಗಿದ್ದರೆ ಬಾಗಿಲು ತೆರೆಯುತ್ತಿತ್ತು,
ಪರರ ಹಾಸಿಗೆಯಲ್ಲಿ ನಮ್ಮ ಸಂಖ್ಯೆ ಮಲಗುತ್ತಿತ್ತು,
ಮೂರು ವಾರದ ಮೇಲೆ ಇನ್ನೆಲ್ಲೋ ಗೋಡೆ ಬೀಳುತ್ತಿತ್ತು.
ಇದು ನಿಂತಿತು. ಕಾರಣ ಹೇಳಿತು.
ತಪ್ಪು ನನ್ನದು. ಖುಷಿಗೆ ಅತ್ತುಬಿಟ್ಟೆ.
ರುಸ್ತಾಮ್ ನಕ್ಷೆ ಹರವಿ
ಪೆನ್ಸಿಲಿನ ಗೆರೆಯ ಮೇಲೆ ಶಾಯಿ ಎಳೆದ.

ಏಳು ಯಂತ್ರ ಮಾಡಿದೆವು.
ಎಂಟನೆಯದಕ್ಕೆ ಮಂಜೂರಾತಿ ಬರುವ ಹೊತ್ತಿಗೆ
ಮಂಜೂರು ಮಾಡಬೇಕಾದ ದೇಶವೇ ಇರಲಿಲ್ಲ.
ಪೆಟ್ಟಿಗೆ ಪೆಟ್ಟಿಗೆ ಅಗ್ಗದ ಚಿಪ್‌ಗಳು ಬಂದವು,
ನಮ್ಮ ಮಾತು ಒಂದೂ ತಿಳಿಯದವು,
ಓಟದಲ್ಲಿ ಮಾತ್ರ ನಮ್ಮದಕ್ಕಿಂತ ನಲವತ್ತು ಪಟ್ಟು.
ಮತ್ತೆ ಮೆಟ್ಟಿಲು, ಮತ್ತೆ ದುಭಾಷಿಗಳು, ಅವರೂ ಎಷ್ಟು ಚುರುಕು!
ಯೆಫಿಮ್ ಅಂದ: ಸೋತೆವು. ಸೋತದ್ದು ಸರಿಯೇ ಇರಬಹುದು.
ನಾನು ಇವತ್ತಿಗೂ ಒಪ್ಪಿಲ್ಲ.

ನಮ್ಮ ಯಂತ್ರದೊಳಗೆ ಕಸ ಗುಡಿಸುವವನೊಬ್ಬನಿದ್ದ.
ಯಾವ ಮನೆಯ ವಿಳಾಸ ಯಾರ ಕೈಯಲ್ಲೂ ಉಳಿದಿಲ್ಲವೋ
ಅದನ್ನು ಸದ್ದಿಲ್ಲದೆ ಬರಿದು ಮಾಡಿ
ಬೇರೆಯವರಿಗೆ ಕೊಟ್ಟುಬಿಡುತ್ತಿದ್ದ.
ಅವನನ್ನು ಬರೆದವಳು ನಾನೇ. ಒಳ್ಳೆಯ ಕೆಲಸಗಾರ.

ತಮಾರಾ ಈಗಿಲ್ಲ. ಯೆಫಿಮ್‌ಗೆ ನನ್ನ ಗುರುತು ಹತ್ತುವುದಿಲ್ಲ.
ಏಳೂ ಯಂತ್ರ ಚಿನ್ನದ ಲೇಪಕ್ಕಾಗಿ ಕರಗಿದವು.
ರುಸ್ತಾಮ್ ಕಜಾನಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ;
ಫೆಬ್ರವರಿ ಕೊನೆಗೆ ಫೋನು ಮಾಡಿ
ನಮಸ್ಕಾರವನ್ನೂ ಹೇಳದೆ ಕೇಳುತ್ತಾನೆ:
ಯಾವ ಸಾಲು?
ನೂರ ಹದಿನೇಳು, ಅನ್ನುತ್ತೇನೆ.
ಆಮೇಲೆ ಹಿಮದ ಮಾತು, ಮಂಡಿನೋವಿನ ಮಾತು.